ಕಾಲಿಗೆ ಕಟ್ಟಿದ ತೂಕ

ಮೂರನೆಯ ಸಲ ಮೆಟ್ಟಿಲು ಹತ್ತಿ ಮೇಲೆ ಬಂದಾಗ ಆ ಸೆಕ್ಯುರಿಟಿ ಹೆಂಗಸು ತನ್ನನ್ನೇ ನೋಡುತ್ತಿದ್ದಾಳೆ ಅನ್ನಿಸಿತು ಶಿವಶಂಕರನಿಗೆ. ನೋಡಲಿ ಬಿಡು ಎಂದು ಮುಖ ಅತ್ತ ತಿರುಗಿಸಿಕೊಂಡು, ಟಿಕೆಟ್ ಯಂತ್ರಗಳ ಮುಂದೆ ಹಾದು, ಎದುರು ಬದಿಯ ಮೆಟ್ಟಿಲಿನಿಂದ ಇಳಿಯತೊಡಗಿದ. ಇಳಿಯುವಾಗ ಮಂಡಿಯ ಮೇಲೆ ಭಾರ ಬೀಳುತ್ತದೆ, ಹೆಜ್ಜೆಯನ್ನು ಓರೆಯಾಗಿ ಇಡಬೇಕು ಎಂದು ಫೋನಿನಲ್ಲಿ ನೋಡಿದ್ದ, ಹಾಗೇ ಇಟ್ಟ. ಇದು ಪೀಣ್ಯದ ಮೆಟ್ರೊ ಸ್ಟೇಷನ್ನು, ಕೆಳಗಿರುವುದು ತುಮಕೂರು ರಸ್ತೆ, ತಾನು ಅರವತ್ತು ದಾಟಿದ ರಿಟೈರಾದ ಮನುಷ್ಯ ಎಂಬುದೆಲ್ಲ ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೂ ಅವನು ಬೇರೆಲ್ಲೋ ಇಳಿಯುತ್ತಿದ್ದ. ಎಡಕ್ಕೆ ಪ್ರಪಾತ. ಲಾರಿಗಳ ಮೊರೆತವೇ ಆಳದಲ್ಲೆಲ್ಲೋ ಹರಿಯುವ ನದಿ. ಗುಜರಿ ಅಂಗಡಿಯ ಹಿಂದೆ ರಾಶಿ ಬಿದ್ದ, ಲೇತ್ ಯಂತ್ರ ಹೆರೆದು ಚೆಲ್ಲಿದ ಕಬ್ಬಿಣದ ಸುರುಳಿಗಳು ಬಿಸಿಲಿಗೆ ಹೊಳೆಯುತ್ತಿದ್ದವು; ಅದು ಹಿಮ. ಮೆಟ್ಟಿಲ ತಿರುವಿನಲ್ಲಿ ನಿಂತು, ಕಂಬಿ ಹಿಡಿದು, ಉಸಿರು ಒಳಗೆಳೆದುಕೊಂಡಾಗ ಡೀಸೆಲ್ ಹೊಗೆಯ ಜೊತೆಗೆ ಯಾವುದೋ ತಣ್ಣನೆಯ ವಾಸನೆ ಬಂದ ಹಾಗಾಯಿತು. ಆ ಸುಖಕ್ಕೆ ಕಣ್ಣು ಅರ್ಧ ಮುಚ್ಚಿಕೊಂಡಿತು. ಮರುಕ್ಷಣವೇ, ಕಾಲೇಜು ಹುಡುಗನೊಬ್ಬ ಪಕ್ಕದಲ್ಲಿ ಧಡಧಡ ಇಳಿದು ಹೋಗುತ್ತ ತನ್ನ ಕಡೆ ತಿರುಗಿ ನೋಡಿದ್ದನ್ನು ಕಂಡು, ಕಿವಿ ಬಿಸಿಯಾಗಿ, ಶೂ ಲೇಸು ಕಟ್ಟುವವನ ಹಾಗೆ ಬಗ್ಗಿದ.

ಈ ಹುಚ್ಚು ಹತ್ತಿಸಿದ್ದು ಒಂದು ವಿಡಿಯೊ. ಕಾರ್ಖಾನೆಯಿಂದ ನಿವೃತ್ತರಾದ ಗೆಳೆಯರ ಗುಂಪಿಗೆ ಲಕ್ಷ್ಮಯ್ಯ ಅದನ್ನು ಕಳಿಸಿದ್ದ. ಬೆಟ್ಟ ಹತ್ತುವುದಕ್ಕೆ ಬೆಟ್ಟಕ್ಕೇ ಹೋಗಬೇಕಾಗಿಲ್ಲ, ನೀವು ದಿನಾ ಹತ್ತಿಳಿಯುವ ಮೆಟ್ಟಿಲಿನಲ್ಲಿ, ಹಾಲು ತರುವ ದಾರಿಯಲ್ಲಿ, ಬಸ್ಸಿಗೆ ಕಾಯುವ ಜಾಗದಲ್ಲಿ ಒಂದೊಂದು ಬೆಟ್ಟ ಅಡಗಿ ಕೂತಿದೆ, ನೋಡುವ ಕಣ್ಣು ಬೇಕಷ್ಟೆ ಎಂದು ಅದರಲ್ಲಿ ಹುಡುಗಿಯೊಬ್ಬಳು ನಗುನಗುತ್ತ ಹೇಳಿದ್ದಳು. ಲಕ್ಷ್ಮಯ್ಯನಿಗೆ ಅದು ಬರೀ ಗುಂಪಿನವರನ್ನು ಹುರಿದುಂಬಿಸುವ ಸರಕು; ಮೇ ತಿಂಗಳಲ್ಲಿ ಹಳಬರೆಲ್ಲ ಸೇರಿ ಹಿಮಾಲಯಕ್ಕೆ ಚಾರಣ ಹೋಗುವುದೆಂದು ಅವನು ಗೊತ್ತುಮಾಡಿ, ಈಗಿಂದಲೇ ಕಾಲು ಗಟ್ಟಿಮಾಡಿಕೊಳ್ಳಿ ಎಂದು ದಿನಕ್ಕೊಂದು ಬುದ್ಧಿವಾದ ಕಳಿಸುತ್ತಿದ್ದ. ಆದರೆ ಶಿವಶಂಕರನಿಗೆ ಆ ಹುಡುಗಿಯ ಮಾತು ಎಲ್ಲೋ ನಾಟಿತು. ಕೆಲಸದಲ್ಲಿದ್ದಷ್ಟು ಕಾಲವೂ ಅವನು ಇನ್‌ಸ್ಪೆಕ್ಷನ್ ಟೇಬಲ್ಲಿನ ಮುಂದೆ ತಲೆ ತಗ್ಗಿಸಿಕೊಂಡೇ ಕೂತವನು. ಜಾಬ್ ಎಂದು ಬಂದ ಬಿಡಿಭಾಗಕ್ಕೆ ಮೈಕ್ರೊಮೀಟರ್ ಹಿಡಿದು ಅಳೆಯುವುದು, ಪಾಸ್ ಅನ್ನುವುದು, ಇಲ್ಲವೆ ರಿಜೆಕ್ಟ್ ಅನ್ನುವುದು. ತಲೆ ಎತ್ತಿ ಏನನ್ನಾದರೂ ಸುಮ್ಮನೆ ನೋಡಿದ್ದು ನೆನಪಿಲ್ಲ. ವಿಡಿಯೊ ನೋಡಿದ ಮಾರನೆಯ ದಿನ ಹಾಲಿಗೆ ಹೋದಾಗ ದಾಸರಹಳ್ಳಿಯ ಅದೇ ಕಿತ್ತುಹೋದ ರಸ್ತೆ, ಜಲ್ಲಿಯ ರಾಶಿ, ಮೋರಿಗೆ ಅಡ್ಡ ಹಾಕಿದ ಕಲ್ಲುಚಪ್ಪಡಿ ಎಲ್ಲ ಯಾರೋ ತನಗಾಗಿಯೇ ಜೋಡಿಸಿಟ್ಟಂತೆ ಕಂಡವು. ಚಪ್ಪಡಿಯ ಮೇಲೆ ಎರಡೂ ಕೈ ಅಗಲಿಸಿ ದಾಟಿದ. ಆಮೇಲೆ ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿದ. ಆವತ್ತಿನಿಂದ ಈ ಎರಡೂ ಜೊತೆಜೊತೆಗೇ ಬಂದಿವೆ, ಮೊದಲು ಸುಖ, ಹಿಂದೆಯೇ ನಾಚಿಕೆ.

ಅದಕ್ಕೇ ಅವನು ಮನೆ ಹತ್ತಿರದ ಸ್ಟೇಷನ್ ಬಿಟ್ಟು ಪೀಣ್ಯದವರೆಗೂ ಬರುತ್ತಿದ್ದದ್ದು. ಅಲ್ಲಿ ಪರಿಚಯದವರ ಕಾಟವಿಲ್ಲ, ಮೆಟ್ಟಿಲು ಎತ್ತರ, ಟಿಕೆಟ್ ಇಲ್ಲದೆಯೂ ಈ ಬದಿಯಿಂದ ಹತ್ತಿ ಆ ಬದಿಗೆ ಇಳಿಯಬಹುದು. ಬೆನ್ನಿಗೆ ಭಾರ ಬೇಕಲ್ಲ, ಅದಕ್ಕೂ ದಾರಿ ಸಿಕ್ಕಿತ್ತು. ರಿಟೈರಾದ ಮೇಲೆ ವಾರಕ್ಕೆರಡು ದಿನ ಹೋಗಿ ಚೆಕ್ ಮಾಡಿಕೊಡುತ್ತಿದ್ದ ಸಣ್ಣ ಲೇತ್ ಯೂನಿಟ್ಟಿನಲ್ಲಿ ಅವನೇ ರಿಜೆಕ್ಟ್ ಮಾಡಿದ ಫ್ಲ್ಯಾಂಜುಗಳು ಮೂಲೆಯಲ್ಲಿ ಬಿದ್ದಿದ್ದವು. ಪೈಪಿಗೆ ಪೈಪು ಸೇರಿಸುವಾಗ ಹಾಕುವ ದಪ್ಪ ಕಬ್ಬಿಣದ ಬಿಲ್ಲೆಗಳು, ನಡುವೆ ತೂತು. ಮಾಲೀಕನನ್ನು ಕೇಳಿ ನಾಲ್ಕೈದು ತಂದುಕೊಂಡ. ಒಂದಕ್ಕೊಂದು ತಗುಲಿ ಸದ್ದು ಮಾಡದಿರಲೆಂದು ಹೆಂಡತಿ ವಸಂತಮ್ಮನ ಹಳೆಯ ನೂಲಿನ ಸೀರೆಯೊಂದರಲ್ಲಿ ಸುತ್ತಿ ಬೆನ್ನುಚೀಲಕ್ಕೆ ಹಾಕಿಕೊಂಡ. ತಿಳಿನೀಲಿಯ ಸೀರೆ, ಒರೆಸುವ ಬಟ್ಟೆಗೆಂದು ಅವಳು ತೆಗೆದಿಟ್ಟದ್ದನ್ನು ಕೇಳದೆ ಎತ್ತಿಕೊಂಡಿದ್ದ. ಹೆಂಡತಿಗೆ ಯೂನಿಟ್ಟಿಗೆ ಹೋಗಿಬರುತ್ತೇನೆ ಎನ್ನುತ್ತಿದ್ದ. ಯೂನಿಟ್ಟು ಇಲ್ಲದ ದಿನವೂ ಅದನ್ನೇ ಹೇಳುತ್ತಿದ್ದ. ಅವಳು ಹೂಂ ಎನ್ನುತ್ತಿದ್ದಳು.

ಹಿಮಾಲಯದ ವಿಷಯವನ್ನು ಅವಳಿಗೆ ಹೇಳಿರಲಿಲ್ಲ. ಹೇಳದೆ ಇದ್ದದ್ದು ಒಂದು ತಪ್ಪಾದರೆ, ಲಕ್ಷ್ಮಯ್ಯನ ಹತ್ತಿರ ಹೇಳಿದ್ದು ಇನ್ನೊಂದು. ಗುಂಪಿನಲ್ಲಿ ಮೂವರು ಹೆಂಗಸರೂ ಬರುತ್ತಿದ್ದಾರೆ, ವಸಂತಮ್ಮನವರನ್ನೂ ಹೊರಡಿಸಪ್ಪ ಎಂದು ಅವನು ಭಾನುವಾರದ ಪಾರ್ಕಿನಲ್ಲಿ ಎಲ್ಲರ ಮುಂದೆ ಕೇಳಿದ್ದ. ಶಿವಶಂಕರ ಒಂದು ಗಳಿಗೆಯೂ ತಡೆಯದೆ, ಅವಳಿಗೆ ಮಂಡಿನೋವು, ಮನೆಯ ಮೆಟ್ಟಿಲು ಹತ್ತುವುದೇ ಕಷ್ಟ ಅಂದುಬಿಟ್ಟ. ಎಲ್ಲರೂ ಪಾಪ ಅಂದರು. ಆ ಪಾಪವನ್ನು ಅವನು ತಲೆಯಾಡಿಸಿ ಸ್ವೀಕರಿಸಿದ. ವಸಂತಮ್ಮನಿಗೆ ಚಳಿಗಾಲದಲ್ಲಿ ಒಂದೆರಡು ದಿನ ಮಂಡಿ ಹಿಡಿಯುತ್ತಿತ್ತು, ಎಣ್ಣೆ ತಿಕ್ಕಿಕೊಂಡರೆ ಬಿಡುತ್ತಿತ್ತು, ಅಷ್ಟೆ. ಬಕೆಟ್ ತುಂಬ ಒದ್ದೆ ಬಟ್ಟೆ ಹಿಡಿದು ದಿನವೂ ಮೂರನೇ ಮಹಡಿ ಹತ್ತುವವಳು ಅವಳು. ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದ. ಅವಳು ಬಂದರೆ ಬೆಟ್ಟ ಬೆಟ್ಟವಾಗಿ ಉಳಿಯುವುದಿಲ್ಲ. ಮಾತ್ರೆ ತಗೊಂಡಿರಾ, ಸ್ವೆಟರ್ ಹಾಕಿಕೊಂಡಿರಾ ಎಂದು ಕೇಳುತ್ತ ಅಲ್ಲಿಯೂ ಒಂದು ಅಡಿಗೆಮನೆ ಹೂಡುತ್ತಾಳೆ. ಹಿಮದ ನಡುವೆ ಯಾರ ಗಂಡನೂ ಅಲ್ಲದೆ ಒಂದು ಸಲ ನಿಲ್ಲಬೇಕು. ಇದನ್ನು ಮನಸ್ಸಿನಲ್ಲಿ ಆಡಿಕೊಂಡಾಗ ಎಷ್ಟು ದೊಡ್ಡದಾಗಿ ಕೇಳುತ್ತಿತ್ತೋ, ಸಂಜೆ ಅವಳು ತಟ್ಟೆಯ ಮುಂದೆ ಬಂದು ಕೂತಾಗ ಅಷ್ಟೇ ಕೊಳಕಾಗಿ ಕೇಳುತ್ತಿತ್ತು. ನಿಜವಾದ ಕಾರಣ ಅದಕ್ಕಿಂತಲೂ ಸಣ್ಣದು ಎಂಬ ಗುಮಾನಿಯೂ ಅವನಿಗಿತ್ತು. ಮದುವೆಯಾದ ಹೊಸತರಲ್ಲಿ ಕಾರ್ಖಾನೆಯ ಪಿಕ್‌ನಿಕ್ಕಿಗೆಂದು ಬಸ್ಸು ಮಾಡಿಕೊಂಡು ಸಾವನದುರ್ಗಕ್ಕೆ ಹೋಗಿದ್ದರು. ಅವನು ಕಾಲು ಭಾಗ ಹತ್ತಿ ಬಂಡೆಯ ನೆರಳಿನಲ್ಲಿ ಕೂತ. ಅವಳು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಅಪ್ರೆಂಟಿಸ್ ಹುಡುಗರ ಜೊತೆ ಮಾತಾಡುತ್ತ ನುಣ್ಣನೆಯ ಬಂಡೆಯ ಮೇಲೆ ನಡೆದುಹೋದಳು. ಕೆಳಗೆ ಕೂತವರು ನೋಡಿ ನಕ್ಕರು. ಅವನು ಕೂಗಿ ಕೆಳಗಿಳಿಸಿದ. ಜನ ನೋಡುತ್ತಾರೆ, ಹೆಂಗಸಿಗೆ ಇದೆಲ್ಲ ಬೇಕಾ ಎಂದ. ಅವಳು ಇಳಿದು ಬಂದು ಪುಳಿಯೋಗರೆ ಬಡಿಸಿದಳು. ಆಮೇಲೆ ಎಂದೂ ಬೆಟ್ಟದ ಮಾತೆತ್ತಲಿಲ್ಲ.

"ಸರ, ನಿಲ್ರಿ ಸ್ವಲ್ಪ."

ನಾಲ್ಕನೆಯ ಸಲ ಮೇಲೆ ಬಂದಿದ್ದ. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಸೆಕ್ಯುರಿಟಿ ಹೆಂಗಸು ಎದುರಿಗೇ ನಿಂತಿದ್ದಳು. ಎದೆಯ ಮೇಲಿನ ಪಟ್ಟಿಯಲ್ಲಿ ಶರಣಮ್ಮ ಎಂದಿತ್ತು.

"ಆಗಿಂದ ನೋಡಾಕತ್ತೀನಿ. ಈ ಕಡೀಂದ ಏರ್ತೀರಿ, ಆ ಕಡೀಂದ ಇಳೀತೀರಿ. ಟಿಕೆಟ್ ತಗೊಳ್ಳಂಗಿಲ್ಲ, ಒಳಗ ಹೋಗಂಗಿಲ್ಲ. ಬ್ಯಾಗಿನ್ಯಾಗ ಏನದ ರೀ?"

ಏನಿಲ್ಲ ಎಂದ. ಹೇಳಿದ ಮೇಲೆ ಅದು ಎಂಥ ಪೆದ್ದ ಮಾತು ಎನ್ನಿಸಿತು. ಅವಳು ಚೀಲವನ್ನು ಇಸಿದುಕೊಳ್ಳಲು ಹೋಗಿ ಅದರ ಭಾರಕ್ಕೆ ಮುಗ್ಗರಿಸಿ, ಇನ್ನೊಬ್ಬ ಗಾರ್ಡನ್ನು ಕರೆದಳು. ಚೀಲವನ್ನು ಮೇಜಿನ ಮೇಲೆ ಇಡಿಸಿ ಜಿಪ್ ಎಳೆದರು. ಜನ ನಿಲ್ಲತೊಡಗಿದರು. ತಿಳಿನೀಲಿಯ ಸೀರೆ ಸುರುಳಿ ಬಿಚ್ಚಿಕೊಂಡು ಮೇಜಿನಿಂದ ನೆಲದವರೆಗೂ ಇಳಿಯಿತು. ಅದರ ಅಂಚಿನಲ್ಲಿ ಎಲ್ಲೋ ಒಂದು ಕಡೆ ಅರಿಸಿನದ ಕಲೆಯಿತ್ತು. ಒಳಗಿನಿಂದ ಕಬ್ಬಿಣದ ಬಿಲ್ಲೆಗಳು ಒಂದೊಂದಾಗಿ ಹೊರಗೆ ಬಂದವು. ಹೆಂಗಸಿನ ಸೀರೆಯಲ್ಲಿ ಕಬ್ಬಿಣ ಸುತ್ತಿಕೊಂಡು ಮೆಟ್ರೊ ಮೆಟ್ಟಿಲು ಹತ್ತಿಳಿಯುವ ಮುದುಕನನ್ನು ಜನ ಹೇಗೆ ನೋಡಬೇಕೋ ಹಾಗೆಯೇ ನೋಡುತ್ತಿದ್ದರು. ನಿಜ ಹೇಳಿಬಿಡಬಹುದಿತ್ತು. ಹಿಮಾಲಯಕ್ಕೆ ಹೋಗಲು ಅಭ್ಯಾಸ ಮಾಡುತ್ತಿದ್ದೇನೆ, ಅಷ್ಟೇ ಮಾತು. ಯಾವ ಕಾನೂನಿನಲ್ಲೂ ಅದು ಅಪರಾಧವಲ್ಲ. ಆದರೆ ಆ ಮಾತನ್ನು ಈ ಜನರ ಮುಂದೆ ಬಾಯಿಬಿಟ್ಟು ಆಡುವುದು ಬಟ್ಟೆ ಕಳಚಿ ನಿಂತಷ್ಟು ಕಷ್ಟವಾಗಿ ಕಂಡಿತು. ಅವರು ನಗುತ್ತಾರೆ. ಎದುರಿಗೆ ನಗದಿದ್ದರೂ ಮನೆಗೆ ಹೋಗಿ ಹೇಳಿಕೊಂಡು ನಗುತ್ತಾರೆ. ಬಿಲ್ಲೆಯ ನಡುವಿನ ತೂತನ್ನೇ ನೋಡುತ್ತಿದ್ದವನ ಬಾಯಲ್ಲಿ, ಅವನು ಯೋಚಿಸುವ ಮೊದಲೇ, ಬೇರೆಯೇ ಮಾತು ಬಂತು.

"ನನ್ನ ಹೆಂಡ್ತಿಗಮ್ಮ. ಕಾಲಿಗೆ ತೂಕ ಕಟ್ಟಿ ಎಳೀಬೇಕು ಅಂದಿದಾರೆ ಡಾಕ್ಟ್ರು. ತೂಕ ಮಾಡಿಸ್ಕೊಂಡ್ ಹೋಗ್ತಿದ್ದೆ. ಯಾವ್ ಕಡೆ ಇಳೀಬೇಕು ಅಂತ ಗೊತ್ತಾಗ್ಲಿಲ್ಲ."

ಶರಣಮ್ಮನ ಮುಖ ಕೂಡಲೇ ಮೆತ್ತಗಾಯಿತು. ತಮ್ಮೂರಲ್ಲಿ ಅವಳ ಅವ್ವನಿಗೂ ಹೀಗೇ ತೂಕ ಕಟ್ಟಿದ್ದರಂತೆ, ತೂಕ ಸಿಗದೆ ಇಟ್ಟಿಗೆ ಕಟ್ಟಿದ್ದರಂತೆ. ಅವಳು ಸೀರೆಯನ್ನು ನೆಲದಿಂದ ಎತ್ತಿ, ಧೂಳು ಕೊಡವಿ, ಬಿಲ್ಲೆಗಳನ್ನು ಒಂದೊಂದಾಗಿ ಅದರಲ್ಲಿ ಸುತ್ತಿ ಮತ್ತೆ ಚೀಲಕ್ಕೆ ಇಟ್ಟಳು. ಗೊತ್ತಾಗಲಿಲ್ಲ ಸರ, ಮನಸಿನ್ಯಾಗ ಇಟ್ಕೋಬ್ಯಾಡ್ರಿ ಎಂದಳು. ನಿಂತಿದ್ದ ಜನ ಪಾಪ ಎಂಬಂತೆ ಚದುರಿದರು. ಈ ವಯಸ್ಸಿನಲ್ಲಿ ಇಷ್ಟು ಭಾರ ಹೊತ್ತು ಮೆಟ್ಟಿಲು ಇಳಿಯುವುದು ಬೇಡವೆಂದು ಅವಳೇ ಅವನ ತೋಳು ಹಿಡಿದು ಲಿಫ್ಟಿನ ಹತ್ತಿರ ಕರೆದುಕೊಂಡು ಹೋದಳು. ವೃದ್ಧರಿಗೂ ಅಂಗವಿಕಲರಿಗೂ ಮೀಸಲು ಎಂದು ಬರೆದಿತ್ತು. ಬಾಗಿಲು ಮುಚ್ಚಿಕೊಳ್ಳುವಷ್ಟರಲ್ಲಿ ಊಟದ ಕ್ಯಾರಿಯರ್ ಹಿಡಿದ ಹೆಂಗಸೊಬ್ಬಳು ಓಡಿಬಂದು ಒಳಗೆ ಸೇರಿಕೊಂಡಳು. ಎದುರುಮನೆಯ ಸುಬ್ಬಲಕ್ಷ್ಮಮ್ಮ. ಅವಳ ಮಗನ ಪೌಡರ್ ಕೋಟಿಂಗ್ ಯೂನಿಟ್ಟು ಪೀಣ್ಯದಲ್ಲೇ ಇದೆ, ಮಧ್ಯಾಹ್ನದ ಊಟ ಅವಳೇ ತರುತ್ತಾಳೆ ಎಂಬುದು ಅವನಿಗೆ ಗೊತ್ತಿತ್ತು, ನೆನಪಿರಲಿಲ್ಲ.

ಎಲ್ಲ ಕೇಳಿಸಿಕೊಂಡೆ ಎಂದಳು. ನಿನ್ನೆ ಕೂಡ ವಸಂತಮ್ಮ ಮಹಡಿಯ ಮೇಲೆ ಕಂಡರಲ್ಲ, ಯಾವಾಗ ಹೀಗಾಯಿತು ಎಂದಳು. ಇವತ್ತು ಬೆಳಿಗ್ಗೆ ಎಂದ. ಯಾವ ಕಾಲು ಎಂದಳು. ಅವನು ಚೀಲವನ್ನು ಎದೆಗೆ ಅವುಚಿಕೊಂಡು ನಿಂತಿದ್ದ, ಏನೋ ಹೇಳಿದ. ಲಿಫ್ಟು ನೆಲ ಮುಟ್ಟಲು ಇಷ್ಟು ಹೊತ್ತು ತೆಗೆದುಕೊಳ್ಳುತ್ತದೆಂದು ಗೊತ್ತಿರಲಿಲ್ಲ. ಸಂಜೆ ಬಂದು ನೋಡಿಕೊಂಡು ಹೋಗುತ್ತೇನೆ, ಅಡಿಗೆಯ ಚಿಂತೆ ಬೇಡ, ಸಾರು ತರುತ್ತೇನೆ ಎಂದು ಹೇಳಿ ಸುಬ್ಬಲಕ್ಷ್ಮಮ್ಮ ಕ್ಯಾರಿಯರ್ ಆಡಿಸುತ್ತ ಹೋದಳು. ಶಿವಶಂಕರ ತುಮಕೂರು ರಸ್ತೆಯ ಬದಿಯಲ್ಲಿ ನಿಂತುಕೊಂಡ. ನದಿಯಿರಲಿಲ್ಲ, ಪ್ರಪಾತವಿರಲಿಲ್ಲ. ಲಾರಿಗಳು ಲಾರಿಗಳಾಗಿಯೇ ಹೋಗುತ್ತಿದ್ದವು. ಹೆಂಡತಿಯ ಒಳ್ಳೆಯ ಕಾಲನ್ನು ಮಾರಿ ತನ್ನ ಮರ್ಯಾದೆ ಕೊಂಡುಕೊಂಡೆ ಎಂಬುದು ಅಲ್ಲಿ, ಆ ಬಿಸಿಲಿನಲ್ಲಿ, ಅವನಿಗೆ ಸ್ಪಷ್ಟವಾಗಿ ತಿಳಿಯಿತು. ಅದೂ ಎರಡನೆಯ ಸಲ. ಮೊದಲ ಸಲ ಪಾರ್ಕಿನಲ್ಲಿ ಮಾರಿದ್ದೇ ಅಭ್ಯಾಸವಾಗಿ ಇವತ್ತು ನಾಲಗೆ ತಾನಾಗಿಯೇ ಅತ್ತ ಹೋಗಿದ್ದಿರಬೇಕು.

ಮನೆಗೆ ಹೋಗುವ ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಜೋಡಿಸಿಕೊಂಡ. ನಗುತ್ತ ಹೇಳುವುದು, ಇವತ್ತು ಏನಾಯಿತು ಗೊತ್ತಾ ವಸಂತಾ ಎಂದು ಶುರುಮಾಡುವುದು. ಆದರೆ ಹಾಗೆ ಶುರುಮಾಡಿದರೆ ಬೆನ್ನ ಮೇಲೆ ಕಬ್ಬಿಣ ಯಾಕೆ ಎಂಬಲ್ಲಿಗೆ ಬರಬೇಕು, ಅಲ್ಲಿಂದ ಹಿಮಾಲಯಕ್ಕೆ, ಅಲ್ಲಿಂದ ಪಾರ್ಕಿಗೆ. ಒಂದು ದಾರ ಎಳೆದರೆ ಇಡೀ ಸ್ವೆಟರ್ ಬಿಚ್ಚಿಕೊಳ್ಳುತ್ತದೆ. ಅವನು ಬಂದಾಗ ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು. ಮುಖ ಬಿಸಿಲಿಗೆ ಕೆಂಪಾಗಿತ್ತು. ಊಟಕ್ಕೆ ಬನ್ನಿ ಎಂದಳು. ಹುರುಳಿಕಾಳಿನ ಸಾರು, ಮುದ್ದೆ. ಮುದ್ದೆಯನ್ನು ಮುರಿಯುತ್ತ, ಈಗ ಹೇಳುತ್ತೇನೆ ಎಂದುಕೊಂಡ. ನುಂಗಿದ ಮೇಲೆ ಹೇಳುತ್ತೇನೆ ಎಂದುಕೊಂಡ. ಅವಳು ಬಗ್ಗಿ ಮಜ್ಜಿಗೆ ಹಾಕುವಾಗ ಅವಳ ಪಾದ ಕಾಣಿಸಿತು, ಹಿಮ್ಮಡಿ ಒಡೆದ, ಗಟ್ಟಿಯಾದ ಪಾದ. ಮದುವೆಯಾದ ಇಷ್ಟು ವರ್ಷಗಳಲ್ಲಿ ಆ ಪಾದಗಳನ್ನು ಹೀಗೆ ದಿಟ್ಟಿಸಿ ನೋಡಿರಲಿಲ್ಲ. ಯಾಕೆ ಊಟ ಸೇರುತ್ತಿಲ್ಲವಾ ಎಂದು ಅವಳು ಕೇಳಿದಾಗ ಬಿಸಿಲು ಎಂದ. ಊಟವಾದ ಮೇಲೆ ಮಲಗಿದವನಿಗೆ ನಿದ್ದೆ ಬರಲಿಲ್ಲ. ಅಡಿಗೆಮನೆಯಲ್ಲಿ ಪಾತ್ರೆಗಳ ಸದ್ದು, ಆಮೇಲೆ ಟೀವಿಯ ಸದ್ದು, ಆಮೇಲೆ ಹೂವಿನವನ ಕೂಗು. ಸುಬ್ಬಲಕ್ಷ್ಮಮ್ಮನಿಗೆ ಮರೆತುಹೋಗಲಿ, ಅವಳ ಮನೆಗೆ ಯಾರಾದರೂ ನೆಂಟರು ಬರಲಿ ಎಂದು ಬೇಡಿಕೊಂಡ. ಹೇಳದೆ ಇದ್ದರೆ ಆಗದೆ ಹೋಗಬಹುದೆಂಬ ಅಸಡ್ಡಾಳ ನಂಬಿಕೆಯೊಂದು ಅವನಲ್ಲಿ ಮೊದಲಿನಿಂದಲೂ ಇತ್ತು.

ಐದೂವರೆಗೆ ಗೇಟಿನ ಚಿಲಕದ ಸದ್ದಾಯಿತು. ಕಿಟಕಿಯಿಂದ ಬಗ್ಗಿ ನೋಡಿದ. ಕೈಯಲ್ಲಿ ಮುಚ್ಚಿದ ಪಾತ್ರೆ ಹಿಡಿದು ಸುಬ್ಬಲಕ್ಷ್ಮಮ್ಮ. ಅವಳ ಹಿಂದೆ, ಮೋಸಂಬಿ ತುಂಬಿದ ಚೀಲ ಹಿಡಿದು ಚಪ್ಪಲಿ ಬಿಡುತ್ತಿದ್ದವನು ಲಕ್ಷ್ಮಯ್ಯ. ಪಕ್ಕದ ಬೀದಿಯವನೇ, ಸುದ್ದಿ ಅವನಿಗೂ ಮುಟ್ಟಿತ್ತು. ಶಿವಶಂಕರ ಅಡಿಗೆಮನೆಗೆ ಓಡಿದ. ವಸಂತಮ್ಮ ಕಾಫಿಗೆ ಹಾಲಿಟ್ಟಿದ್ದಳು. ಅರ್ಧ ದಿನ ಜೋಡಿಸಿದ ಯಾವ ಮಾತೂ ನೆರವಿಗೆ ಬರಲಿಲ್ಲ.

"ನಿಂಗೆ ಕಾಲ್ ನೋವು ಅಂದ್ಬಿಟ್ಟಿದೀನಿ. ತೂಕ ಕಟ್ಟಿ ಮಲಗ್ಸಿದಾರೆ ಅಂದಿದೀನಿ. ಅವ್ರು ನೋಡಕ್ಕೆ ಬಂದಿದಾರೆ."

ಅವಳು ಅವನ ಮುಖ ನೋಡಿದಳು. ಯಾಕೆ ಎಂದು ಕೇಳುತ್ತಾಳೆಂದು ಕಾದ. ಅವಳು ಸ್ಟೌ ಆರಿಸಿದಳು, ಕೈಯನ್ನು ಸೆರಗಿಗೆ ಒರೆಸಿಕೊಂಡಳು, ರೂಮಿಗೆ ಹೋಗಿ ಮಂಚದ ಮೇಲೆ ಕಾಲು ಚಾಚಿ ಮಲಗಿ ಸೀರೆಯನ್ನು ಮೀನಖಂಡದವರೆಗೆ ಎಳೆದುಕೊಂಡಳು.

"ತೂಕ ಎಲ್ರೀ? ತಂದು ಕಟ್ಟಿ ಬೇಗ," ಎಂದಳು. "ಯಾವ್ ಕಾಲು ಅಂದಿದೀರಿ?"

ಅವನಿಗೆ ನೆನಪಾಗಲಿಲ್ಲ. ಬಲಗಾಲು ಇರಬೇಕು ಎಂದ. ಚೀಲದಿಂದ ಸೀರೆಯ ಗಂಟನ್ನು ಹೊರಗೆಳೆದ. ಅವಳು ಸೀರೆಯನ್ನು ಗುರುತಿಸಿದಳು. ಬಾಗಿಲ ಗಂಟೆ ಹೊಡೆಯಿತು. ಬಟ್ಟೆ ಒಣಹಾಕುವ ನೈಲಾನ್ ಹಗ್ಗದ ತುಂಡನ್ನು ಬಿಲ್ಲೆಗಳ ತೂತಿನಲ್ಲಿ ಪೋಣಿಸಿ, ಸೀರೆಯ ಒಂದು ಮಡಿಕೆಯನ್ನು ಅವಳ ಪಾದದ ಗಂಟಿಗೆ ಸುತ್ತಿ, ಅದರ ಮೇಲೆ ಹಗ್ಗ ಬಿಗಿದು, ಮಂಚದ ಕಾಲುಕಡೆಯ ಪಟ್ಟಿಯ ಮೇಲಿಂದ ಇಳಿಬಿಟ್ಟ. ಬಿಲ್ಲೆಗಳು ಗಾಳಿಯಲ್ಲಿ ತೂಗಿ ನಿಂತಾಗ ಅವಳ ಕಾಲು ಒಮ್ಮೆ ಜಗ್ಗಿತು, ತುಟಿ ಕಚ್ಚಿಕೊಂಡಳು. ಒಂದೆರಡು ತೆಗೆಯಲೇ ಎಂದ. ಬಾಗಿಲು ತೆಗೀರಿ ಮೊದಲು ಎಂದಳು.

ಅವರು ಬಂದು ಕೂತರು. ಸುಬ್ಬಲಕ್ಷ್ಮಮ್ಮ ಮಂಚದ ತುದಿಯಲ್ಲಿ ಕೂತು ಅವಳ ಇನ್ನೊಂದು ಕಾಲನ್ನು ಸವರಿದಳು. ವಸಂತಮ್ಮ ಎಷ್ಟು ಬೇಕೋ ಅಷ್ಟೇ ನರಳಿದಳು. ಬೆಳಿಗ್ಗೆ ಬಚ್ಚಲಲ್ಲಿ ಜಾರಿದೆ, ಸೊಂಟದಿಂದ ಹಿಡಿದುಕೊಂಡಿದೆ, ಇವರೇ ಎಲ್ಲ ನೋಡಿಕೊಳ್ಳುತ್ತಿದ್ದಾರೆ ಎಂದಳು. ಇವರೇ ಎಂದಾಗ ಎಲ್ಲರೂ ಶಿವಶಂಕರನ ಕಡೆ ನೋಡಿದರು. ಆ ಭಾರ ಹೊತ್ತುಕೊಂಡು ಪಾಪ ಮೆಟ್ರೊದಲ್ಲಿ ದಿಕ್ಕು ತೋಚದೆ ನಿಂತಿದ್ದರು, ಗಾರ್ಡಿನವಳು ಲಿಫ್ಟಿಗೆ ಹತ್ತಿಸಿದಳು, ಎಷ್ಟು ಜನ ಗಂಡಸರು ಹೀಗೆ ಮಾಡುತ್ತಾರೆ ಎಂದು ಸುಬ್ಬಲಕ್ಷ್ಮಮ್ಮ ಬಣ್ಣಿಸಿದಳು. ಮೆಟ್ರೊ ಎಂಬ ಮಾತು ಬಂದಾಗ ವಸಂತಮ್ಮನ ಕಣ್ಣು ಒಂದು ಕ್ಷಣ ಅವನ ಮೇಲೆ ನಿಂತು ಹೊರಳಿತು. ಅವನು ಗೋಡೆಗೆ ಆನಿಕೊಂಡು ನಿಂತಿದ್ದ. ಲಕ್ಷ್ಮಯ್ಯ ಒಳ್ಳೆಯ ಮನುಷ್ಯ. ಏನಾದರೂ ಸಮಾಧಾನದ ಮಾತು ಹೇಳಬೇಕೆಂದು ಒದ್ದಾಡುತ್ತಿದ್ದವನು ಕೊನೆಗೆ ಮೋಸಂಬಿ ಚೀಲವನ್ನು ಮೇಜಿನ ಮೇಲಿಟ್ಟು ಗಂಟಲು ಸರಿಮಾಡಿಕೊಂಡ.

"ನಿಮ್ಗೆ ಮಂಡಿ ಸರಿಯಿಲ್ಲ ಅಂತ ಇವ್ನು ಆವತ್ತೇ ಹೇಳಿದ್ದ ಅಮ್ಮ, ಹಿಮಾಲಯಕ್ಕೆ ನೀವೂ ಬನ್ನಿ ಅಂತ ಕರ್ದಾಗ. ಇವ್ನು ಹೋದ್ಮೇಲೆ ನಾವೇ, ಒಬ್ನೇ ಬರಕ್ಕೆ ಸಬೂಬು ಹೇಳ್ತಾನೆ ಅಂತ ತಮಾಷೆ ಮಾಡಿದ್ವಿ. ತಪ್ಪಾಯ್ತು."

ಶಿವಶಂಕರನಿಗೆ ಆ ರೂಮಿನಲ್ಲಿ ನಿಲ್ಲಲು ಜಾಗ ಸಾಲದಾಯಿತು. ಅವಳು ಏಳಲಾರಳು. ಎದ್ದು ಅಡಿಗೆಮನೆಗೆ ಹೋಗಲಾರಳು, ಮುಖ ತಿರುಗಿಸಿಕೊಳ್ಳಲೂ ಆರಳು, ಯಾಕೆಂದರೆ ಕಾಲಿಗೆ ಅವನು ಕಟ್ಟಿದ ಕಬ್ಬಿಣವಿದೆ. ಅವಳು ಮಾಡಿನ ಫ್ಯಾನನ್ನು ನೋಡುತ್ತಿದ್ದಳು.

"ನಾನೇ ಹೋಗ್ಬನ್ನಿ ಅಂದಿದ್ದು," ಎಂದಳು. "ಒಬ್ರಾದ್ರೂ ನೋಡ್ಕೊಂಡ್ ಬರ್ಲಿ."

ಅವರು ಹೋಗುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಒಂದು ತಿಂಗಳಾದರೂ ಅಲುಗಬೇಡಿ, ಮಹಡಿ ಗಿಹಡಿ ಅಂತ ಹತ್ತಿದಿರೋ ಜೋಕೆ, ನಮ್ಮ ಅಡಿಗೆಮನೆ ಕಿಟಕಿಯಿಂದ ನಿಮ್ಮ ಟೆರೇಸು ಪೂರ್ತಿ ಕಾಣುತ್ತೆ ಎಂದು ಸುಬ್ಬಲಕ್ಷ್ಮಮ್ಮ ಪ್ರೀತಿಯಿಂದ ಗದರಿಸಿ ಹೋದಳು. ಶಿವಶಂಕರ ಮಂಚದ ಬುಡದಲ್ಲಿ ಮೊಣಕಾಲೂರಿ ಕೂತು ಹಗ್ಗ ಬಿಚ್ಚತೊಡಗಿದ. ಭಾರಕ್ಕೆ ಗಂಟು ಬಿಗಿದುಕೊಂಡಿತ್ತು, ಉಗುರಿಗೆ ಸಿಗಲಿಲ್ಲ. ಒಂದು ಕೈಯಲ್ಲಿ ಬಿಲ್ಲೆಗಳನ್ನು ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಗಂಟನ್ನು ಕೆದಕಿದ. ಪಾದದ ಗಂಟಿನ ಸುತ್ತ ಕೆಂಪು ಗೆರೆ ಬಿದ್ದಿತ್ತು. ಬೈಯಲಿ, ಅಳಲಿ, ಏನಾದರೂ ಅನ್ನಲಿ ಎಂದು ಕಾಯುತ್ತಿದ್ದ. ಅವಳು ಅಲ್ಲಿ ಹಿಮ ಇರುತ್ತಾ ಎಂದು ಕೇಳಿದಳು. ಇರುತ್ತಂತೆ ಎಂದ. ಕೈಗೆ ಸಿಗುತ್ತಾ ಎಂದಳು. ಸಿಗುತ್ತಂತೆ ಎಂದ. ಕ್ಷಮಿಸು ಎಂಬ ಮಾತು ಗಂಟಲಿನವರೆಗೂ ಬಂದು, ಅದೂ ಇನ್ನೊಂದು ನಾಟಕದ ಮಾತಿನಂತೆ ಕೇಳಬಹುದೆಂದು ಅಲ್ಲೇ ನಿಂತಿತು. ಗಂಟು ಬಿಚ್ಚಿತು. ಬಿಲ್ಲೆಗಳನ್ನು ಸದ್ದಾಗದಂತೆ ನೆಲಕ್ಕಿಟ್ಟ.

"ಒಂದ್ ತಿಂಗ್ಳು ನಾನು ಮಹಡಿಗೆ ಹೋಗೋ ಹಾಗಿಲ್ಲ, ಅಲ್ವಾ?" ಎಂದಳು ಅವಳು.

ಬಟ್ಟೆ ನಾನು ಒಣಹಾಕುತ್ತೇನೆ ಎಂದ. ತುಂಬ ದೊಡ್ಡದೇನನ್ನೋ ಕೊಡುವವನ ಹಾಗೆ ಹೇಳಿದ.

"ಬಟ್ಟೆ ಅಲ್ಲ ಕಣ್ರೀ." ಅವಳು ಎದ್ದು ಕೂತು ಕಾಲನ್ನು ತಾನೇ ನೀವಿಕೊಂಡಳು. "ನೀರಿನ ಟ್ಯಾಂಕಿಗೆ ಕಬ್ಬಿಣದ ಏಣಿ ಇದೆಯಲ್ಲ, ನಾನು ದಿನಾ ಅದನ್ನ ಹತ್ತೀನಿ. ಟ್ಯಾಂಕಿನ ಮೇಲ್ ನಿಂತ್ರೆ ಒಂದು ಬೆಟ್ಟ ಕಾಣುತ್ತೆ. ಯಾವ್ದೋ ಗೊತ್ತಿಲ್ಲ. ನಿಮ್ಗೆ ಹೇಳಿದ್ರೆ ಜನ ನೋಡ್ತಾರೆ ಅಂತೀರ ಅಂತ ಹೇಳಿರ್ಲಿಲ್ಲ."

ಅವಳು ಎದ್ದುಹೋಗಿ ಕಾಫಿಗಿಟ್ಟ ಹಾಲನ್ನು ಮತ್ತೆ ಬಿಸಿಗಿಟ್ಟಳು. ಅವನು ನೆಲದ ಮೇಲೆ ಕೂತೇ ಇದ್ದ. ಬಟ್ಟೆ ಒಣಹಾಕಲು ಹೋದವಳು ಎಷ್ಟು ಹೊತ್ತು ಮಾಡುತ್ತಾಳೆ ಎಂದು ಗೊಣಗಿದ್ದು, ತಿಂಡಿಗೆ ತಡವಾಯಿತೆಂದು ಕೆಳಗಿನಿಂದ ಕೂಗಿದ್ದು, ಕೂಗಿದೊಡನೆ ಅವಳು ಇಳಿದು ಬರುತ್ತಿದ್ದದ್ದು ಎಲ್ಲ ಒಂದೊಂದಾಗಿ ನೆನಪಿಗೆ ಬಂದವು. ಅವನು ಪೀಣ್ಯದವರೆಗೆ ಕದ್ದು ಹೋಗಿ ಗುಜರಿ ರಾಶಿಯಲ್ಲಿ ಹಿಮ ಕಾಣಲು ಹೆಣಗುತ್ತಿದ್ದಾಗ ಅವಳು ತಲೆಯ ಮೇಲೆಯೇ ಒಂದು ನಿಜವಾದ ಬೆಟ್ಟ ಇಟ್ಟುಕೊಂಡಿದ್ದಳು. ಇಬ್ಬರೂ ಒಂದೇ ಮನೆಯಲ್ಲಿ ಒಂದೇ ಆಸೆಯನ್ನು ಬಚ್ಚಿಟ್ಟುಕೊಂಡು ಬದುಕಿದ್ದರು. ಅವಳು ಬಚ್ಚಿಟ್ಟದ್ದು ಅವನಿಗೆ ಹೆದರಿ, ಅವನು ಬಚ್ಚಿಟ್ಟದ್ದು ಅವಳನ್ನು ಬಿಟ್ಟುಹೋಗಲು. ನಾಚಿಕೆ ಎಂಬುದು ಇಷ್ಟು ದಿನ ಅವನಿಗೆ ಕಿವಿಯ ತುದಿಯಲ್ಲಿ ಬಿಸಿಯಾಗಿ ಹೋಗುವ ಸಂಗತಿಯಾಗಿತ್ತು. ಈಗ ಅದು ಹೊಟ್ಟೆಯೊಳಗೆ ಇಳಿದು ಕೂತಿತು, ಏಳುವ ಹಾಗೆ ಕಾಣಲಿಲ್ಲ.

ಬೆಳಿಗ್ಗೆ ಬಕೆಟ್ ಹಿಡಿದು ಅವನೇ ಮಹಡಿಗೆ ಹೋದ. ಬಟ್ಟೆಗಳನ್ನು ತಂತಿಗೆ ಹಾಕಿ, ಕ್ಲಿಪ್ಪು ಸಿಕ್ಕಿಸಿ, ಟ್ಯಾಂಕಿನ ಕಡೆಗೆ ನಡೆದ. ಏಣಿ ಗೋಡೆಗೆ ನೆಟ್ಟಗೆ ಅಂಟಿಕೊಂಡಿತ್ತು. ಈ ಮನೆ ಕಟ್ಟಿಸಿದವನು ತಾನೇ ಆದರೂ ಅದು ಇಷ್ಟು ನೆಟ್ಟಗಿದೆಯೆಂದು ತಿಳಿದಿರಲಿಲ್ಲ. ಕೈ ಹಿಡಿಯುವ ಜಾಗದಲ್ಲಿ ಮಾತ್ರ ತುಕ್ಕು ಸವೆದು ನುಣುಪಾಗಿತ್ತು. ಒಂದು, ಎರಡು ಮೆಟ್ಟಿಲು ಸುಲಭವಾಗಿ ಹತ್ತಿದ. ಕಾಲಿಗೆ ಬಲ ಬಂದಿದೆ ಅನ್ನಿಸಿತು. ಸೊಂಟ ಪ್ಯಾರಾಪೆಟ್ ಗೋಡೆಯ ಮಟ್ಟ ದಾಟಿದ ಕೂಡಲೇ ಕೆಳಗಿನ ಬೀದಿ, ನಿಲ್ಲಿಸಿದ ಸ್ಕೂಟರುಗಳು, ಸುಬ್ಬಲಕ್ಷ್ಮಮ್ಮನ ಅಂಗಳದ ರಂಗೋಲಿ ಎಲ್ಲ ಒಟ್ಟಿಗೆ ಕಾಲ ಕೆಳಗೆ ಬಂದವು. ಮುಂದಿನ ಮೆಟ್ಟಿಲು ಹಿಡಿಯಬೇಕಾದರೆ ಈಗ ಹಿಡಿದ ಕೈ ಬಿಡಬೇಕು. ಬಿಡಲು ಆಗಲಿಲ್ಲ. ಬಿಡು ಎಂದು ಕೈಗೆ ಹೇಳಿದ, ಅದು ಕೇಳಲಿಲ್ಲ. ಏಣಿಯನ್ನು ತಬ್ಬಿಕೊಂಡು, ಕಬ್ಬಿಣಕ್ಕೆ ಕೆನ್ನೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತ. ಎದುರುಮನೆಯ ಕಿಟಕಿಯಿಂದ ಸುಬ್ಬಲಕ್ಷ್ಮಮ್ಮ, ವಸಂತಮ್ಮ ಹೇಗಿದ್ದಾರೆ ಎಂದು ಕೇಳಿದಳು. ಪರವಾಗಿಲ್ಲ ಎಂದು ಕಣ್ಣು ತೆರೆಯದೆಯೇ ಹೇಳಿ, ಕಾಲಿನಿಂದ ತಡಕಾಡುತ್ತ ಇಳಿದ. ತಂತಿಯ ಮೇಲಿನ ಸೀರೆಯ ಹಿಂದೆ ನಿಂತು ಉಸಿರು ಸರಿಮಾಡಿಕೊಂಡ. ಬೇಗ ಇಳಿದು ಹೋದರೆ ಅವಳಿಗೆ ಗೊತ್ತಾಗುತ್ತದೆಂದು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತ.

ಅವಳು ರೂಮಿನ ಮಂಚದ ಮೇಲೆ, ಕಿಟಕಿಯ ಪರದೆ ಎಳೆದುಕೊಂಡು, ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ಅವನು ಖಾಲಿ ಬಕೆಟ್ ಇಟ್ಟ ಸದ್ದಿಗೆ ತಲೆ ಎತ್ತಿದಳು.

"ಟ್ಯಾಂಕ್ ಹತ್ತಿದ್ರಾ?"

"ಹೂಂ."

"ಕಾಣಿಸ್ತಾ?"

ಅವಳ ಮುಖದಲ್ಲಿ ನಿನ್ನೆಯಿಂದ ಇಲ್ಲದ್ದೊಂದು ಬೆಳಕಿತ್ತು. ಇಷ್ಟು ವರ್ಷ ತಾನೊಬ್ಬಳೇ ನೋಡಿದ್ದನ್ನು ಇನ್ನೊಬ್ಬರೂ ನೋಡಿ ಬಂದಿದ್ದಾರೆಂಬ ಆಸೆ. ಆ ಬೆಳಕನ್ನು ನಂದಿಸಲು ಅವನಿಗೆ ಮನಸ್ಸು ಬರಲಿಲ್ಲ.

"ಕಾಣಿಸ್ತು," ಎಂದ. "ತುಂಬ ಚೆನ್ನಾಗಿ ಕಾಣಿಸ್ತು."

ಅವಳ ಬೆರಳುಗಳು ಅಕ್ಕಿಯ ಮೇಲೆ ನಿಂತವು.

"ಯಾವ್ ಕಡೆಗೆ?" ಎಂದಳು ವಸಂತಮ್ಮ.